ಪ್ರತಿ ಪೆಟ್ಟಿಗೂ ಒಂದು ಕಾರಣ

ನನ್ನ ಮೊಮ್ಮಗನ ಬಲಗೈ ಮಣಿಕಟ್ಟಿನ ಮೇಲೆ ಚರ್ಮ ಜಡ್ಡುಗಟ್ಟಿ ಕಪ್ಪಾಗಿದೆ. ಅವನೇ ಕಚ್ಚಿಕೊಂಡು ಆದದ್ದು. ಹಣೆಯ ಎಡಭಾಗ ಬಲಕ್ಕಿಂತ ತುಸು ಉಬ್ಬಿದೆ. ಗೋಡೆಗೆ, ಬಾಗಿಲ ಚೌಕಟ್ಟಿಗೆ, ಕೆಲವೊಮ್ಮೆ ನೆಲಕ್ಕೇ ಬಡಿದುಕೊಂಡದ್ದು. ಅವನಿಗೀಗ ಹನ್ನೊಂದು ವರ್ಷ. ಆಟಿಸಂ ಇದೆ. ಮಾತು ಬಂದಿಲ್ಲ. ಕಣ್ಣು, ಕಿವಿ ಎರಡೂ ಚುರುಕು. ಮನೆಯಲ್ಲಿ ಯಾವ ಡಬ್ಬಿಯಲ್ಲಿ ಮಂಡಕ್ಕಿ ತುಂಬಿಟ್ಟಿದ್ದಾರೆಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನಿಗೇ.

ನಾನು ಹರಿಹರದವನು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದವನು. ಮಗಳು, ಅಳಿಯ ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದಾರೆ. ಎರಡೂ ಊರುಗಳ ನಡುವೆ ಹದಿನಾಲ್ಕು ಕಿಲೋಮೀಟರ್ ಅಂತರ. ಮೊಮ್ಮಗ ವಾರದಲ್ಲಿ ಕೆಲವು ದಿನ ಅಲ್ಲಿ, ಕೆಲವು ದಿನ ನಮ್ಮಲ್ಲಿ.

ಅವನನ್ನು ಥೆರಪಿಗೆ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕೂತಾಗ ಬೇರೆ ಮಕ್ಕಳ ತಾಯಂದಿರ ಜೊತೆ ಮಾತಾಡುತ್ತೇನೆ. ಮಗುವಿಗೆ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿ, ಹಣೆಯ ಮೇಲೆ ಟೋಪಿ ಎಳೆದು ಕರೆತರುವವರಿದ್ದಾರೆ. ಮದುವೆಗೆ, ದುಗ್ಗಮ್ಮನ ಜಾತ್ರೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. 'ನಾವು ಹೊಡೆದಿದೀವಿ ಅಂದ್ಕಂತಾರೆ ಜನ' ಎಂದು ಒಬ್ಬ ತಾಯಿ ಹೇಳಿದರು. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಗು ಸುಮ್ಮಸುಮ್ಮನೆ ತನ್ನನ್ನು ಹೊಡೆದುಕೊಳ್ಳುವುದಿಲ್ಲ. ಪೆಟ್ಟಿಗೆ ಕಾರಣ ಇರುತ್ತದೆ. ಬಹುಪಾಲು ಮಕ್ಕಳಲ್ಲಿ ಆ ಕಾರಣವನ್ನು ಹುಡುಕಲು ಬರುತ್ತದೆ. ಹುಡುಕಿದರೆ ಪೆಟ್ಟು ಕಡಿಮೆಯಾಗುತ್ತದೆ.

ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ

ಆಟಿಸಂ ಎಂಬ ಸ್ಥಿತಿಯನ್ನು ಮೊದಲು ವಿವರವಾಗಿ ಬರೆದಿಟ್ಟವರು ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್. 1943ರಲ್ಲಿ 11 ಮಕ್ಕಳ ಬಗ್ಗೆ ಅವರು ಬರೆದ ಲೇಖನದಿಂದ ಈ ವಿಷಯ ವೈದ್ಯಲೋಕದ ಗಮನಕ್ಕೆ ಬಂತು. ಇದು ಅಂಟುರೋಗವಲ್ಲ, ಬುದ್ಧಿಭ್ರಮಣೆಯಲ್ಲ. ಹುಟ್ಟಿನಿಂದಲೇ ಮೆದುಳಿನ ಬೆಳವಣಿಗೆ ಬೇರೆ ರೀತಿಯಲ್ಲಿ ಸಾಗಿರುತ್ತದೆ. ಅದರಿಂದ ಮಾತು, ಒಡನಾಟ, ಶಬ್ದ ಮತ್ತು ಸ್ಪರ್ಶವನ್ನು ತಾಳಿಕೊಳ್ಳುವ ರೀತಿ ಎಲ್ಲವೂ ಬೇರೆಯಾಗುತ್ತವೆ. ಕೆಲವರು ಓದಿ ಎಂಜಿನಿಯರ್ ಆಗುತ್ತಾರೆ. ಕೆಲವರಿಗೆ ಜೀವನಪೂರ್ತಿ ಇನ್ನೊಬ್ಬರ ಆಸರೆ ಬೇಕು. ನನ್ನ ಮೊಮ್ಮಗ ಎರಡನೆಯ ಗುಂಪಿನವನು.

ತಲೆ ಚಚ್ಚಿಕೊಳ್ಳುವುದು, ಕೆನ್ನೆಗೆ ಗುದ್ದಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ಗಾಯ ಕೆರೆದುಕೊಳ್ಳುವುದು, ಕೂದಲು ಕೀಳುವುದು, ಕಣ್ಣಿಗೆ ಬೆರಳು ಒತ್ತಿಕೊಳ್ಳುವುದು ಆಟಿಸಂ ಇರುವವರಲ್ಲಿ ಅಪರೂಪವೇನಲ್ಲ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ ನೂರರಲ್ಲಿ ಸುಮಾರು 42 ಜನರಲ್ಲಿ ಇದರ ಒಂದಲ್ಲ ಒಂದು ರೂಪ ಕಾಣಿಸುತ್ತದೆ. ಹೆಚ್ಚಿನವರಲ್ಲಿ ಅದು ಹಗುರವಾಗಿಯೇ ಇರುತ್ತದೆ. ತೀವ್ರವಾದಾಗ ಮಾತ್ರ ಅಪಾಯ ದೊಡ್ಡದು. ಕಚ್ಚಿದ ಗಾಯ ಕೀವಾಗುತ್ತದೆ. ಪದೇ ಪದೇ ಪೆಟ್ಟು ಬಿದ್ದ ಕಿವಿ ಊದಿ ಆಕಾರ ಕೆಡುತ್ತದೆ. ಮುಖಕ್ಕೂ ಕಣ್ಣಿಗೂ ವರ್ಷಗಟ್ಟಲೆ ಗುದ್ದಿಕೊಂಡರೆ ಕಣ್ಣಿನ ಅಕ್ಷಿಪಟಲವೇ ಕಳಚಿ ದೃಷ್ಟಿ ಹೋಗಬಹುದು. ಮಾತು ಬಾರದ ಮಗು ಕಣ್ಣು ಮಂಜಾಗಿದೆ ಎಂದು ಹೇಳಲಾರದು. ಆದ್ದರಿಂದ ಮುಖಕ್ಕೆ ಹೊಡೆದುಕೊಳ್ಳುವ ಮಕ್ಕಳನ್ನು ಕಣ್ಣಿನ ವೈದ್ಯರಿಗೆ ಆಗಾಗ ತೋರಿಸುತ್ತಿರಬೇಕು. ಈ ಮಾತನ್ನು ನಾನು ಬೆಂಚಿನ ಮೇಲಿನ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಮಗು ಹೀಗೆ ಮಾಡಿದರೆ 'ಗಾಳಿ ಸೋಕೈತಿ' ಎನ್ನುವುದು ಮೊದಲ ಮಾತು. ಹರಿಹರ ತಾಲ್ಲೂಕಿನಲ್ಲೇ, ತುಂಗಭದ್ರೆಯ ದಂಡೆಯ ಮೇಲೆ ಉಕ್ಕಡಗಾತ್ರಿ ಇದೆ. ಕರಿಬಸವಜ್ಜಯ್ಯನ ಗದ್ದಿಗೆಗೆ ನಾವೂ ಮೊಮ್ಮಗನನ್ನು ಕರೆದುಕೊಂಡು ಹೋಗಿ ಕಾಯಿ ಒಡೆಸಿ ಬಂದಿದ್ದೇವೆ. ನನ್ನ ಹೆಂಡತಿಗೆ ಅಲ್ಲಿ ಸಿಕ್ಕ ಸಮಾಧಾನ ಸಣ್ಣದಲ್ಲ. ಅಜ್ಜಯ್ಯನಿಗೆ ಹರಕೆ ಹೊರುವವರು ಹೊರಲಿ. ಜೊತೆಗೇ ಮಕ್ಕಳ ವೈದ್ಯರ ಬಳಿಗೂ ಹೋಗಲಿ. ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ. ಆದರೆ ದೆವ್ವ ಬಿಡಿಸುತ್ತೇನೆಂದು ಯಾರಾದರೂ ಮಗುವಿನ ಮೇಲೆ ಕೋಲು ಎತ್ತಿದರೆ, ಹೊಗೆ ಹಾಕಿದರೆ, ಅಲ್ಲಿಂದ ತಕ್ಷಣ ಎದ್ದು ಬರಬೇಕು.

ಎರಡನೆಯ ಮಾತು ತಾಯಿಯ ಮೇಲೆ ಬರುತ್ತದೆ. ಮುದ್ದು ಮಾಡಿ ಕೆಡಿಸಿದಳು, ಕೆಲಸಕ್ಕೆ ಹೋಗಿ ಮಗುವನ್ನು ಒಂಟಿ ಬಿಟ್ಟಳು ಎಂದು. ಓದಿದವರ ಲೋಕವೂ ಒಂದು ಕಾಲಕ್ಕೆ ಇದನ್ನೇ ಹೇಳಿತ್ತು. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಎಂಬ ವಾದ ಅಮೆರಿಕದಲ್ಲಿ ಬಹಳ ವರ್ಷ ನಡೆಯಿತು. ಆಟಿಸಂ ಇದ್ದ ಮಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಆ ವಾದವನ್ನು ಎದುರಿಸಿದರು. ಇಂದು ಯಾವ ಜವಾಬ್ದಾರಿಯುತ ವೈದ್ಯರೂ ಅದನ್ನು ಒಪ್ಪುವುದಿಲ್ಲ. ನಮ್ಮ ನೆಂಟರಿಷ್ಟರೂ ಅದನ್ನು ಬಿಡಬೇಕು. ನನ್ನ ಮಗಳು ಈ ಮಗುವಿಗೆ ಕೊಟ್ಟಷ್ಟು ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಏಕೆ ಎಂದು ಕೇಳಿದವರು

1960ರ ದಶಕದಲ್ಲಿ ಇಂಥ ಮಕ್ಕಳನ್ನು ಶಿಕ್ಷೆಯಿಂದ ತಡೆಯುವ ಪ್ರಯೋಗಗಳು ನಡೆದವು. ಹೊಡೆದುಕೊಂಡಾಗ ಬೈಯುವುದು, ಏಟು ಹಾಕುವುದು, ವಿದ್ಯುತ್ ಶಾಕ್ ಕೊಡುವುದು ಕೂಡ ಚಿಕಿತ್ಸೆ ಎನಿಸಿಕೊಂಡಿತ್ತು. ಮಗು ಏಕೆ ಹೊಡೆದುಕೊಳ್ಳುತ್ತಿದೆ ಎಂದು ಕೇಳುವ ಪದ್ಧತಿ ಆಗ ಇರಲಿಲ್ಲ.

ಆ ಪ್ರಶ್ನೆಯನ್ನು ಕ್ರಮವಾಗಿ ಕೇಳಿದವರಲ್ಲಿ ಬ್ರಯಾನ್ ಇವಾಟಾ ಮುಖ್ಯರು. ಅವರೂ ಬಾಲ್ಟಿಮೋರ್‌ನಲ್ಲೇ ಕೆಲಸ ಮಾಡುತ್ತಿದ್ದರು. 1982ರಲ್ಲಿ ಅವರು ಮತ್ತು ಸಂಗಡಿಗರು 9 ಜನರನ್ನು ವೈದ್ಯರ ಕಾವಲಿನಲ್ಲಿ ಗಮನಿಸಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ವಿಧಾನ ಸರಳ. ಹದಿನೈದು ಹದಿನೈದು ನಿಮಿಷಗಳ ನಾಲ್ಕು ಬಗೆಯ ಸನ್ನಿವೇಶ. ಒಂದರಲ್ಲಿ ಮಗು ಹೊಡೆದುಕೊಂಡ ಕೂಡಲೇ ದೊಡ್ಡವರು ಹತ್ತಿರ ಬಂದು 'ಬೇಡಪ್ಪಾ, ನೋವಾಗುತ್ತೆ' ಎಂದು ಮೈ ಮುಟ್ಟಿ ಹೇಳುತ್ತಾರೆ. ಇನ್ನೊಂದರಲ್ಲಿ ಒಂದು ಕೆಲಸ ಕೊಡುತ್ತಾರೆ, ಹೊಡೆದುಕೊಂಡ ಕೂಡಲೇ ಆ ಕೆಲಸ ನಿಲ್ಲಿಸುತ್ತಾರೆ. ಮೂರನೆಯದರಲ್ಲಿ ಮಗು ಒಂಟಿ. ನಾಲ್ಕನೆಯದರಲ್ಲಿ ಆಟಿಕೆ, ಜೊತೆಗೆ ಪ್ರೀತಿಯ ಮಾತು, ಯಾವ ಒತ್ತಾಯವೂ ಇಲ್ಲ. ಯಾವ ಸನ್ನಿವೇಶದಲ್ಲಿ ಪೆಟ್ಟು ಹೆಚ್ಚಾಯಿತು ಎಂದು ಎಣಿಸಿದರು. 9 ಜನರಲ್ಲಿ 6 ಜನರಿಗೆ ಒಂದು ನಿರ್ದಿಷ್ಟ ಸನ್ನಿವೇಶದಲ್ಲೇ ಅದು ಏರುತ್ತಿತ್ತು. ಆ ಸನ್ನಿವೇಶ ಒಬ್ಬೊಬ್ಬರಿಗೆ ಒಂದೊಂದಾಗಿತ್ತು.

1994ರಲ್ಲಿ ಅದೇ ತಂಡ 152 ಜನರ ಫಲಿತಾಂಶ ಕೊಟ್ಟಿತು. ನೂರಕ್ಕೆ ಸುಮಾರು 38 ಜನರಲ್ಲಿ ಪೆಟ್ಟಿನ ಫಲ ತಪ್ಪಿಸಿಕೊಳ್ಳುವುದು, ಅಂದರೆ ಬೇಡದ ಕೆಲಸ ಅಥವಾ ಸನ್ನಿವೇಶ ನಿಲ್ಲುತ್ತಿತ್ತು. ಸುಮಾರು 26 ಜನರಲ್ಲಿ ಯಾರಾದರೂ ಹತ್ತಿರ ಬರುತ್ತಿದ್ದರು, ಇಲ್ಲವೇ ಬೇಕಾದ ವಸ್ತು ಸಿಗುತ್ತಿತ್ತು. ಮತ್ತೆ ಸುಮಾರು 26 ಜನರಲ್ಲಿ ಹೊರಗಿನವರು ಏನು ಮಾಡಿದರೂ ವ್ಯತ್ಯಾಸವಿರಲಿಲ್ಲ. ಅಲ್ಲಿ ಆ ಕ್ರಿಯೆಯೇ ದೇಹಕ್ಕೆ ಏನನ್ನೋ ಕೊಡುತ್ತಿತ್ತು. ಉಳಿದ ಕೆಲವರಲ್ಲಿ ಕಾರಣಗಳು ಬೆರೆತಿದ್ದವು, ಅಥವಾ ಸ್ಪಷ್ಟವಾಗಲಿಲ್ಲ.

ಇದರಿಂದ ತಿಳಿಯುವುದಿಷ್ಟು. ಹೊರಗಿನಿಂದ ನೋಡಲು ಒಂದೇ ರೀತಿ ತಲೆ ಚಚ್ಚಿಕೊಳ್ಳುವ ಇಬ್ಬರು ಮಕ್ಕಳಿಗೆ ಬೇಕಾದ ಉಪಾಯ ಒಂದೇ ಆಗಿರಬೇಕಿಲ್ಲ. ಕೆಲಸ ತಪ್ಪಿಸಿಕೊಳ್ಳಲು ಹೊಡೆದುಕೊಳ್ಳುವ ಮಗುವನ್ನು ಮೂಲೆಗೆ ಕೂರಿಸಿದರೆ ಅದು ಬಯಸಿದ್ದನ್ನೇ ಕೊಟ್ಟಂತೆ. ಯಾರಾದರೂ ಬರಲಿ ಎಂದು ಹೊಡೆದುಕೊಳ್ಳುವ ಮಗುವಿಗೆ ಬೈಗುಳವೂ ಒಂದು ಒಡನಾಟವೇ. ನೆರೆಮನೆಯವರ ಮಗುವಿಗೆ ಫಲಿಸಿದ್ದು ನಮ್ಮ ಮಗುವಿಗೆ ಫಲಿಸದಿರುವುದು ಇದಕ್ಕೇ.

ಇವಾಟಾ ಮಾಡಿದ ಪರೀಕ್ಷೆಯನ್ನು ಮನೆಯಲ್ಲಿ ಯಾರೂ ಮಾಡಬಾರದು. ಅದು ತರಬೇತಾದವರ ಕೆಲಸ. ಮನೆಯವರಿಂದ ಆಗುವುದು ನೋಡಿ ಬರೆದಿಡುವುದು. ಅದು ಚಿಕ್ಕ ಕೆಲಸವಲ್ಲ.

ಬ್ರೇಕ್‌ಡೌನ್ ರಿಜಿಸ್ಟರ್

ನಮ್ಮ ಕಾರ್ಖಾನೆಯಲ್ಲಿ ಲೇತ್ ತಯಾರಾಗುತ್ತಿದ್ದವು. ಲೇತ್ ತಯಾರಿಸಲೂ ಯಂತ್ರಗಳು ಬೇಕಲ್ಲ, ಅವು ಕೆಟ್ಟಾಗ ಹೋಗುತ್ತಿದ್ದವರು ನಾವು. ಪ್ರತಿ ಯಂತ್ರಕ್ಕೂ ಒಂದು ಬ್ರೇಕ್‌ಡೌನ್ ರಿಜಿಸ್ಟರ್. ಎಷ್ಟು ಗಂಟೆಗೆ ನಿಂತಿತು, ಅದಕ್ಕೂ ಮುಂಚೆ ಯಾವ ಜಾಬ್ ಓಡುತ್ತಿತ್ತು, ಶಬ್ದ ಹೇಗಿತ್ತು, ಏನು ಮಾಡಿದೆವು, ಮತ್ತೆ ಯಾವಾಗ ಓಡಿತು. ಶಬ್ದ ಕೇಳಿದ ಕೂಡಲೇ ಸ್ಪ್ಯಾನರ್ ಹಿಡಿದು ಓಡಬೇಡಿ, ಮೊದಲು ಹಿಂದಿನ ಪುಟ ತಿರುವಿ ಎಂದು ನಮ್ಮ ಫೋರ್‌ಮನ್ ಹೇಳುತ್ತಿದ್ದರು. ಮೊಮ್ಮಗನ ವಿಷಯದಲ್ಲಿ ವಿಶೇಷ ಶಿಕ್ಷಕಿಯೊಬ್ಬರು 'ಮುಂಚೆ ಏನಾಯ್ತು, ಅವನು ಏನು ಮಾಡಿದ, ಆಮೇಲೆ ಏನಾಯ್ತು, ಮೂರನ್ನೂ ಬರೀರಿ' ಎಂದಾಗ ನನ್ನ ಕೈಗೆ ಪರಿಚಿತವಾದ ಕೆಲಸವೇ ಸಿಕ್ಕಿತು.

ನೂರು ಪುಟದ ರೂಲ್ ನೋಟ್‌ಬುಕ್. ಒಂದು ನಿಟ್ಟುವಳ್ಳಿಯ ಮನೆಯಲ್ಲಿ, ಒಂದು ಹರಿಹರದಲ್ಲಿ. ಗೆರೆ ಎಳೆದು ಖಾನೆ ಮಾಡಿದೆವು. ವೇಳೆ, ಜಾಗ, ಅದಕ್ಕೂ ಮುಂಚಿನ ಐದು ನಿಮಿಷ, ಎಲ್ಲಿಗೆ ಹೊಡೆದುಕೊಂಡ, ಎಷ್ಟು ಹೊತ್ತು, ನಾವು ಏನು ಮಾಡಿದೆವು. ಕೊನೆಗೆ ಎರಡು ಖಾನೆ ಹೆಚ್ಚು: ಹಿಂದಿನ ರಾತ್ರಿ ನಿದ್ದೆ ಎಷ್ಟು, ಹೊಟ್ಟೆ ಖಾಲಿಯಾಯಿತೋ ಇಲ್ಲವೋ. 'ಸಿಟ್ಟು ಬಂತು', 'ಹಠ ಮಾಡಿದ' ಎಂದು ಬರೆಯುವಂತಿಲ್ಲ. ಅವು ನಮ್ಮ ಊಹೆ. ಕಣ್ಣಿಗೆ ಕಂಡದ್ದಷ್ಟೇ ಬರೆಯಬೇಕು. ಕುಕ್ಕರ್ ಕೂಗಿತು. ಪೆನ್ಸಿಲ್ ಕೊಟ್ಟರು. ಟಿವಿ ಆರಿಸಿದರು. ಹೊಡೆದುಕೊಂಡ. ಅಮ್ಮ ಎತ್ತಿಕೊಂಡಳು.

ವಾರಗಳು ಕಳೆದಂತೆ ಪುಟಗಳು ಮಾತಾಡತೊಡಗಿದವು. ಎಲ್ಲಕ್ಕಿಂತ ಮೊದಲು ಎದ್ದು ಕಂಡದ್ದು ಕೊನೆಯ ಖಾನೆ. ಎರಡು ಮೂರು ದಿನ ಹೊಟ್ಟೆ ಖಾಲಿಯಾಗದಿದ್ದಾಗ ಗೋಡೆಗೆ ತಲೆ ಬಡಿದುಕೊಳ್ಳುವುದು ಏರುತ್ತಿತ್ತು. ಬೇರೆ ದಿನಗಳಲ್ಲಿ ಹೊಡೆದುಕೊಂಡರೂ ಅಷ್ಟು ಜೋರಿಲ್ಲ. ಇನ್ನೊಂದು, ಮೇಜಿನ ಮುಂದೆ ಕೂರಿಸಿ ಬರೆಸುವ ಹೊತ್ತು. ಅಲ್ಲಿ ತಲೆಯಲ್ಲ, ಕೈ ಕಚ್ಚುವುದು. ಮೂರನೆಯದು ಸಂಜೆ ಅಡುಗೆಯ ಹೊತ್ತಿನ ಕುಕ್ಕರ್, ಮಿಕ್ಸಿ. ಒಂದೇ ಹುಡುಗ, ಒಂದೇ ಕಾಯಿಲೆ ಎಂದು ನಾವೆಲ್ಲ ನೋಡುತ್ತಿದ್ದದ್ದರಲ್ಲಿ ಮೂರು ಬೇರೆ ಬೇರೆ ಕಾರಣಗಳಿದ್ದವು.

ಮೊದಲು ಮೈಯೊಳಗೆ ನೋಡಿ

ಮಾತು ಬಾರದ ಮಗುವಿನ ಹೊಡೆತ ದಿಢೀರ್ ಹೆಚ್ಚಾದರೆ ಮೊದಲು ಹುಡುಕಬೇಕಾದದ್ದು ನೋವು. ಕಿವಿಯ ಸೋಂಕು, ಹುಳುಕು ಹಲ್ಲು, ಎದೆಯುರಿ, ಮಲಬದ್ಧತೆ, ತಲೆನೋವು, ಹುಡುಗಿಯರಿಗೆ ಮುಟ್ಟಿನ ನೋವು, ಅಪಸ್ಮಾರ, ನಿದ್ದೆಯಿಲ್ಲದಿರುವುದು ಎಲ್ಲವೂ ಇದರ ಹಿಂದೆ ಇರಬಹುದು. ಹೊಡೆದುಕೊಳ್ಳುವ ಜಾಗವೇ ಒಮ್ಮೊಮ್ಮೆ ಸುಳಿವು ಕೊಡುತ್ತದೆ. ಒಂದೇ ಬದಿಯ ಕಿವಿಗೆ ಗುದ್ದಿಕೊಳ್ಳುವ ಮಗುವಿನ ಆ ಕಿವಿಯೊಳಗೆ ಬೆಳಕು ಬಿಟ್ಟು ನೋಡಬೇಕು. ದವಡೆಗೆ ಹೊಡೆದುಕೊಂಡರೆ ದಂತವೈದ್ಯರು. 'ಆಟಿಸಂ ಇದೆಯಲ್ಲ, ಹೀಗೇ' ಎಂದು ಯಾರಾದರೂ ಕೈ ಬಿಟ್ಟರೆ, ಪರೀಕ್ಷೆ ಮಾಡಿ ನೋಡಿ ಎಂದು ನಯವಾಗಿ, ಗಟ್ಟಿಯಾಗಿ ಕೇಳಬೇಕು.

ನಮ್ಮ ಹುಡುಗನ ಊಟ ಬಹಳ ವರ್ಷ ಮಂಡಕ್ಕಿ, ಮೊಸರನ್ನ, ಒಂದೇ ಕಂಪನಿಯ ಬಿಸ್ಕತ್ತು ಇಷ್ಟರಲ್ಲೇ ನಡೆಯುತ್ತಿತ್ತು. ಆಟಿಸಂ ಇರುವ ಮಕ್ಕಳು ಊಟದಲ್ಲಿ ಹೀಗೆ ಆಯ್ಕೆ ಮಾಡುವುದು ಸಾಮಾನ್ಯ, ಮಲಬದ್ಧತೆಯೂ ಅಷ್ಟೇ ಸಾಮಾನ್ಯ. ಮಕ್ಕಳ ವೈದ್ಯರು ನೋಟ್‌ಬುಕ್ ನೋಡಿ, ಹೊಟ್ಟೆ ಒತ್ತಿ ನೋಡಿ, ಮಲ ಮೆತ್ತಗಾಗಿಸುವ ಸಿರಪ್ ಬರೆದುಕೊಟ್ಟರು. ನೀರು ಕುಡಿಸುವುದು, ಊಟವಾದ ಮೇಲೆ ಕಮೋಡಿನ ಮೇಲೆ ಕೂರಿಸುವ ಅಭ್ಯಾಸ, ಮೊಸರನ್ನದಲ್ಲಿ ಹಿಸುಕಿದ ತರಕಾರಿ. ಗೋಡೆಗೆ ಬಡಿದುಕೊಳ್ಳುವುದರಲ್ಲಿ ದೊಡ್ಡ ಪಾಲು ಇಳಿದದ್ದು ಈ ಒಂದು ಕ್ರಮದಿಂದ.

ಶಬ್ದಕ್ಕೆ ಕಾರ್ಖಾನೆಯ ಉಪಾಯವೇ ನೆರವಾಯಿತು. ನಾವು ಶಾಪ್ ಫ್ಲೋರ್‌ನಲ್ಲಿ ಹಾಕುತ್ತಿದ್ದಂಥ ಇಯರ್ ಮಫ್ ಒಂದನ್ನು ಅವನ ತಲೆಯ ಅಳತೆಗೆ ತಂದೆವು. ಕುಕ್ಕರ್ ಇಡುವ ಮುಂಚೆ ಅದನ್ನು ಅವನಿಗೆ ತೋರಿಸುತ್ತಾರೆ. ಈಗ ಅವನೇ ಹೋಗಿ ಮೊಳೆಯಿಂದ ತೆಗೆದು ಹಾಕಿಕೊಳ್ಳುತ್ತಾನೆ.

ಹೊಡೆತದ ಬದಲಿಗೆ ಒಂದು ಮಾತು

ಬರೆಸುವ ಹೊತ್ತಿನಲ್ಲಿ ಕೈ ಕಚ್ಚುವುದಕ್ಕೆ ಮದ್ದು ಸಿರಪ್ಪಿನಲ್ಲಿ ಇರಲಿಲ್ಲ. 'ನನಗೆ ಸಾಕಾಯಿತು' ಎಂದು ಹೇಳಲು ಅವನಿಗಿದ್ದ ದಾರಿ ಅದೊಂದೇ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಎಂಬ ಸಂಶೋಧಕರು 4 ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಕಷ್ಟದ ಕೆಲಸದಲ್ಲಿ ಸಹಾಯ ಕೇಳುವುದನ್ನು, ದೊಡ್ಡವರ ಗಮನ ಕೇಳುವುದನ್ನು ಮಾತಿನಲ್ಲಿ ಕಲಿಸಿದಾಗ ಹೊಡೆತ ಬಡಿತ ಇಳಿಯಿತು. ಕಲಿಸಿದ ಮಾತು ಮಗುವಿನ ನಿಜವಾದ ಕಾರಣಕ್ಕೆ ಹೊಂದಿದಾಗ ಮಾತ್ರ ಅದು ಫಲಿಸಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಧಾನಕ್ಕೆ ಅದೇ ಬುನಾದಿ.

ಮಾತು ಬಾರದ ಮಕ್ಕಳಿಗೆ ಚಿತ್ರದ ಕಾರ್ಡು, ಕೈಸನ್ನೆ, ಮೊಬೈಲಿನಲ್ಲಿ ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಇವೆಲ್ಲ ಮಾತಿನ ಜಾಗದಲ್ಲಿ ನಿಲ್ಲುತ್ತವೆ. ನಮ್ಮ ಹುಡುಗನಿಗೆ ಶಿಕ್ಷಕಿ ಮಾಡಿಕೊಟ್ಟದ್ದು ಅಂಗೈಯಗಲದ ಕೆಂಪು ಕಾರ್ಡು, ಮೇಲೆ ಎತ್ತಿದ ಹಸ್ತದ ಚಿತ್ರ, ಕೆಳಗೆ 'ಸಾಕು'. ಕಲಿಸುವ ರೀತಿ ಹೀಗೆ. ಅವನು ಕಚ್ಚುವ ಮುಂಚೆ, ಮೂಗು ಸುಕ್ಕಿಸಿ ಕಾಲು ಆಡಿಸುವಾಗಲೇ, ಹಿಂದೆ ಕೂತವರು ಅವನ ಕೈಯನ್ನು ಕಾರ್ಡಿನ ಮೇಲೆ ಇಡಿಸಬೇಕು. ಇಟ್ಟ ಮರುಕ್ಷಣ ಪೆನ್ಸಿಲ್ ಬದಿಗೆ, ಪುಸ್ತಕ ಬದಿಗೆ. ಎರಡು ನಿಮಿಷ ಬಿಡುವು. ಮೊದಮೊದಲು ಒಂದೇ ಅಕ್ಷರಕ್ಕೆ ಸಾಕು ಎಂದರೂ ಸಾಕೇ. ಕಾರ್ಡು ಕೊಟ್ಟರೆ ನಿಜವಾಗಿ ಬಿಡುವು ಸಿಗುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆ 'ಇನ್ನೊಂದು ಅಕ್ಷರ, ಆಮೇಲೆ ಸಾಕು' ಎಂದು ನಿಧಾನವಾಗಿ ಎಳೆಯುತ್ತಾ ಹೋಗಬಹುದು.

ಇಲ್ಲಿ ಮನೆಯವರೆಲ್ಲ ಒಂದೇ ಮಾತಿನಲ್ಲಿರಬೇಕು. ಅಮ್ಮ ಕಾರ್ಡಿಗೆ ಬಿಡುವು ಕೊಟ್ಟು, ಅಜ್ಜಿ 'ಇನ್ನೊಂದ್ ಸಾಲು ಬರಿ, ಬಂಗಾರ' ಎಂದು ಕೂರಿಸಿದರೆ ಕಾರ್ಡಿಗೆ ಬೆಲೆ ಉಳಿಯುವುದಿಲ್ಲ. ಕಚ್ಚಿಕೊಂಡರೆ ಬೇಗ ಬಿಡುವು, ಕಾರ್ಡು ಕೊಟ್ಟರೆ ತಡ ಎಂದಾದರೆ ಮಗು ಬೇಗ ಕೆಲಸವಾಗುವ ದಾರಿಯನ್ನೇ ಹಿಡಿಯುತ್ತದೆ. ಅದು ಯಾರಾದರೂ ಮಾಡುವುದೇ. ಈಗ ನಮ್ಮ ಎರಡು ಮನೆಗಳ ಗೋಡೆಯಲ್ಲೂ 'ಸಾಕು', 'ನೀರು', 'ಮಂಡಕ್ಕಿ', 'ಹೊರಗೆ', 'ನೋವು' ಎಂಬ ಕಾರ್ಡುಗಳಿವೆ. 'ನೋವು' ಅವನಿಗೆ ಇನ್ನೂ ಪೂರ್ತಿ ಬಂದಿಲ್ಲ. ಕಲಿಸುತ್ತಿದ್ದೇವೆ.

ಬರಿಯ ನಿರ್ಲಕ್ಷ್ಯ ಇದಕ್ಕೆ ಮದ್ದಲ್ಲ. 'ನೋಡಬ್ಯಾಡ್ರಿ, ತಾನೇ ಬಿಡ್ತಾನೆ' ಎಂದು ಸಲಹೆ ಕೊಡುವವರು ಬಹಳ. ಇಷ್ಟು ದಿನ ಫಲಿಸಿದ್ದು ಫಲಿಸದಾದಾಗ ಮಗು ಮೊದಲು ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ತಲೆ ಒಡೆದುಕೊಳ್ಳುವ ಮಗುವಿನ ವಿಷಯದಲ್ಲಿ ಆ ಏರಿಕೆಯನ್ನು ಕಾಯುತ್ತ ಕೂರಲಾಗದು. ಬದಲಿ ದಾರಿ ಕಲಿಸದೆ ಹಳೆಯ ದಾರಿ ಮುಚ್ಚಬಾರದು.

ಆ ಐದು ನಿಮಿಷ

ಎಷ್ಟು ತಯಾರಿದ್ದರೂ ಕೆಲವೊಮ್ಮೆ ಹೊಡೆದುಕೊಳ್ಳುವ ಹೊತ್ತು ಬಂದೇ ಬರುತ್ತದೆ. ಆಗ ಕಾರಣ ಹುಡುಕಲು ಪುರಸೊತ್ತಿಲ್ಲ, ಕಲಿಸುವ ಸಮಯವೂ ಅದಲ್ಲ. ಪೆಟ್ಟಿನ ಬಿರುಸು ಕಡಿಮೆ ಮಾಡುವುದಷ್ಟೇ ಕೆಲಸ. ತಲೆಗೂ ಗೋಡೆಗೂ ನಡುವೆ ದಿಂಬು ಹಿಡಿಯಬೇಕು. ನಮ್ಮ ಮನೆಯಲ್ಲಿ ಮಂಚದ ಪಕ್ಕದ ಗೋಡೆಗೆ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಬಡಿದಿದ್ದೇವೆ. ಮಾತು ಕಡಿಮೆ, ಕೂಗು ಬೇಡವೇ ಬೇಡ. ಸುತ್ತ ನಿಂತವರನ್ನು ಹೊರಗೆ ಕಳಿಸಬೇಕು. ಒಬ್ಬರೇ ಹತ್ತಿರ ಇರಬೇಕು. ಕೈ ಬಿಗಿ ಹಿಡಿದರೆ ಹೋರಾಟ ಹೆಚ್ಚುತ್ತದೆ, ಹಿಡಿದವರ ಕೈಯೂ ಗಾಯ. ಹಿಡಿಯಲೇಬೇಕಾದಾಗ ಪೆಟ್ಟು ತಪ್ಪುವಷ್ಟೇ, ಅಷ್ಟು ಹೊತ್ತಷ್ಟೇ.

ಕೈಗಳನ್ನು ಟವೆಲ್ಲಿನಿಂದ ಕಟ್ಟಿ ಕೂರಿಸುವ ಮನೆಗಳಿವೆ. ಬೇರೆ ದಾರಿ ಕಾಣದೆ ಮಾಡುತ್ತಾರೆ, ಅವರ ಕಷ್ಟ ನನಗೆ ಗೊತ್ತು. ಆದರೆ ಕಟ್ಟಿದ ಕೈ ಸೊರಗುತ್ತದೆ, ಬಿಚ್ಚಿದ ಕೂಡಲೇ ಹೊಡೆತ ಮರಳುತ್ತದೆ. ಮೊಣಕೈ ಮಡಚದಂತೆ ಹಾಕುವ ಪಟ್ಟಿ, ಮೃದುವಾದ ಹೆಲ್ಮೆಟ್ ಇವನ್ನು ವೈದ್ಯರ ಸಲಹೆಯ ಮೇಲೆ, ಎಷ್ಟು ಹೊತ್ತು ಹಾಕಬೇಕು, ಹೇಗೆ ಬಿಡಿಸಬೇಕು ಎಂಬ ಲೆಕ್ಕದೊಡನೆ ಮಾತ್ರ ಬಳಸಬೇಕು.

ಒಂದು ವಿಷಯ ನನ್ನ ಮನಸ್ಸನ್ನು ಬಹಳ ಕಲಕಿದೆ. ಬಿರುಸು ಏರುವ ಮುಂಚೆ ಮೊಮ್ಮಗ ತನ್ನ ಎರಡೂ ಕೈಗಳನ್ನು ನನ್ನ ಅಂಗಿಯೊಳಗೆ ತೂರಿಸಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಕೆಲವು ಮಕ್ಕಳು ಕೈ ಮೇಲೆ ಕೂರುತ್ತಾರೆ, ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾರೆ. ತಜ್ಞರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ತನ್ನ ಕೈಯಿಂದ ತನ್ನನ್ನು ಕಾಪಾಡಿಕೊಳ್ಳಲು ಹೆಣಗುವ ಮಗುವನ್ನು ಹಠಮಾರಿ ಎನ್ನಲು ಯಾರಿಗೆ ಮನಸ್ಸು ಬಂದೀತು?

ತಲೆಗೆ ಜೋರು ಪೆಟ್ಟು ಬಿದ್ದ ಮೇಲೆ ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ, ಮೂಗು ಕಿವಿಯಿಂದ ರಕ್ತ ಅಥವಾ ತಿಳಿನೀರು ಬಂದರೆ, ಎರಡು ಕಣ್ಣಿನ ಪಾಪೆ ಒಂದೇ ಅಳತೆಯಲ್ಲಿ ಇಲ್ಲದಿದ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾತ್ರೆಯ ವಿಷಯ

ಇಂಥ ಮಕ್ಕಳಿಗೆ ವೈದ್ಯರು ಹೆಚ್ಚಾಗಿ ಬರೆಯುವುದು ರಿಸ್ಪೆರಿಡೋನ್, ಇಲ್ಲವೇ ಅರಿಪಿಪ್ರಜೋಲ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆಟಿಸಂ ಇರುವ ಮಕ್ಕಳ ತೀವ್ರ ಕೆರಳುವಿಕೆಗೆ ಮೊದಲನೆಯದನ್ನು 2006ರಲ್ಲಿ, ಎರಡನೆಯದನ್ನು 2009ರಲ್ಲಿ ಒಪ್ಪಿತು. 2002ರಲ್ಲಿ 101 ಮಕ್ಕಳ ಮೇಲೆ ನಡೆದ 8 ವಾರಗಳ ಪರೀಕ್ಷೆಯಲ್ಲಿ ರಿಸ್ಪೆರಿಡೋನ್ ಪಡೆದವರಲ್ಲಿ ನೂರಕ್ಕೆ 69 ಮಕ್ಕಳು ಚೆನ್ನಾಗಿ ಸುಧಾರಿಸಿದರು. ಸತ್ವವಿಲ್ಲದ ತೋರಿಕೆಯ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಾತ್ರ. ಆದರೆ ಅದೇ 8 ವಾರಗಳಲ್ಲಿ ಮಾತ್ರೆ ಪಡೆದ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತು. ಇನ್ನೊಂದು ಗುಂಪಿನಲ್ಲಿ ಏರಿದ್ದು 0.8 ಕಿಲೋ.

ಆದ್ದರಿಂದ ಮಾತ್ರೆಗೆ ಹೆದರಬೇಕಿಲ್ಲ, ಅದೊಂದನ್ನೇ ನೆಚ್ಚಲೂಬಾರದು. ತೂಕ, ಹಸಿವು, ರಕ್ತದ ಸಕ್ಕರೆ, ಹಗಲು ನಿದ್ದೆ ಇವನ್ನೆಲ್ಲ ವೈದ್ಯರು ಆಗಾಗ ನೋಡುತ್ತಿರಬೇಕು. ನಾವಾಗಿ ದಿಢೀರ್ ನಿಲ್ಲಿಸಬಾರದು, ಹೆಚ್ಚಿಸಲೂಬಾರದು. ಮಾತ್ರೆ ಮೈಯ ಕಾವು ಇಳಿಸಿ ಕಲಿಯಲು ಅವಕಾಶ ಮಾಡಿಕೊಡುತ್ತದೆ. ಕಾರ್ಡು ಹಿಡಿಯುವುದನ್ನು ಅದು ಕಲಿಸುವುದಿಲ್ಲ. ನಮ್ಮ ನೋಟ್‌ಬುಕ್ಕೇ ವೈದ್ಯರಿಗೂ ನೆರವಾಯಿತು. ಡೋಸ್ ಬದಲಾದ ದಿನಕ್ಕೆ ಕೆಂಪು ಗೆರೆ ಎಳೆಯುತ್ತೇವೆ. ಗೆರೆಯ ಹಿಂದೆ ಹೇಗಿತ್ತು, ಮುಂದೆ ಹೇಗಿದೆ ಎಂದು ಅವರು ಒಂದು ನೋಟದಲ್ಲಿ ಓದುತ್ತಾರೆ.

ಎಲ್ಲಿಗೆ ಹೋಗಬೇಕು

ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ, ಜನ ಸಿಆರ್‌ಸಿ ಎನ್ನುತ್ತಾರೆ. ಅಂಗವಿಕಲರಿಗೆ ಥೆರಪಿ, ವಿಶೇಷ ಶಿಕ್ಷಣ, ಸಲಹೆ ಕೊಡಲೆಂದೇ ಇರುವ ಕೇಂದ್ರ ಅದು. ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಜೆಜೆಎಂ ವೈದ್ಯಕೀಯ ಕಾಲೇಜು 1965ರಿಂದ ಇದೆ. ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಮನೆಯಲ್ಲಿ ತಡೆಯಲಾಗದ ಮಟ್ಟ ಮುಟ್ಟಿದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. ಮಾತು, ಸಂವಹನಕ್ಕೆ 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಡುರಾತ್ರಿ ತಾಯಿಗೇ ದಿಕ್ಕು ತೋಚದಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಿಂದ ಅದು ನಡೆಯುತ್ತಿದೆ.

ಕಾಗದಪತ್ರದ ಕೆಲಸವನ್ನೂ ಮುಂದೂಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವಿಕಲತೆಗಳಲ್ಲಿ ಆಟಿಸಂ ಕೂಡ ಒಂದು. ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಗುರುತಿನ ಕಾರ್ಡ್ ಮಾಡಿಸಿದರೆ ಉಳಿದ ಬಾಗಿಲುಗಳು ತೆರೆಯುತ್ತವೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಇರುವ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಭರಿಸುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಇದು ಬಹಳ ತಂದೆತಾಯಿಗಳಿಗೆ ತಿಳಿದೇ ಇಲ್ಲ.

ತಾಯಿಯ ನಿದ್ದೆ

ನೋಟ್‌ಬುಕ್ಕಿನಲ್ಲಿ ಖಾನೆ ಇಲ್ಲದ ಒಂದು ಸಂಗತಿ ನನ್ನ ಮಗಳ ಬದುಕು. ಶಾಲೆಯಲ್ಲಿ ಟೀಚರ್ ಆಗಿದ್ದಳು, ಬಿಟ್ಟಳು. ಮೊಮ್ಮಗನ ತಂಗಿ ಒಬ್ಬಳಿದ್ದಾಳೆ. ಅಣ್ಣ ಕಿರುಚಿದರೆ ಪುಸ್ತಕ ಮಡಚಿ ಒಳಗೆ ಹೋಗುವುದನ್ನು ಆರನೆಯ ವಯಸ್ಸಿಗೇ ಕಲಿತಳು. ಅಳಿಯ ರಾತ್ರಿ ಪಾಳಿಯಲ್ಲಿದ್ದರೆ ಮಗಳು ಮಗುವಿನ ಹಣೆಯ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತಾಳೆ. 'ಅಪ್ಪಾಜಿ, ಇವತ್ತೊಂದು ರಾತ್ರಿ ನೀವು ಮಲಗಿಸ್ಕೊಳ್ತೀರಾ?' ಎಂದು ಫೋನಿನಲ್ಲಿ ಕೇಳುವಾಗ ಅವಳ ದನಿಯಲ್ಲಿ ಇರುವ ದಣಿವು ಯಾವ ಅಪ್ಪನಿಗೂ ಕೇಳಬಾರದು. ಇಂಥ ತಾಯಿಗೆ ಸಲಹೆಗಿಂತ ಮೊದಲು ಬೇಕಾದದ್ದು ನಿದ್ದೆ. ನಿದ್ದೆಗೆಟ್ಟವರಿಂದ ನೋಡಿ ಬರೆಯಲಾಗದು, ಕಾರ್ಡು ಹಿಡಿದು ಕಾಯಲಾಗದು, ಸಿಟ್ಟು ತಡೆಯಲಾಗದು.

ಅದಕ್ಕೇ ಹುಡುಗ ವಾರದಲ್ಲಿ ಕೆಲವು ದಿನ ಹರಿಹರಕ್ಕೆ ಬರುವುದು. ಜನ ಕಡಿಮೆ ಇರುವ ಹೊತ್ತು ನೋಡಿ ಅವನನ್ನು ಹರಿಹರೇಶ್ವರ ದೇವಸ್ಥಾನಕ್ಕೆ ಕರೆದೊಯ್ಯುತ್ತೇನೆ. ಹೊಯ್ಸಳರ ಕಾಲದಲ್ಲಿ ಕಲ್ಲನ್ನು ತಿರುಗಣಿಯಲ್ಲಿ ತಿರುಗಿಸಿ ನುಣುಪು ಮಾಡಿದ ಕಂಬಗಳು ಅಲ್ಲಿವೆ. ಅವನು ಅವುಗಳ ಉಂಗುರಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಲ್ಲುತ್ತಾನೆ. ಲೇತ್ ಕೆಲಸ ಕಂಡ ನನಗೂ ಆ ಕಂಬಗಳೆಂದರೆ ಪ್ರೀತಿ. ಆ ಹೊತ್ತಿನಲ್ಲಿ ದಾವಣಗೆರೆಯಲ್ಲಿ ಮಗಳು ಮಲಗಿರುತ್ತಾಳೆ.

ಎಲ್ಲ ಮನೆಗೂ ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ಅಜ್ಜ ಅಜ್ಜಿ ಇರುವುದಿಲ್ಲ. ಬಾಡಿಗೆ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೇ ಇಂಥ ಮಗುವನ್ನು ನೋಡಿಕೊಳ್ಳುವವರಿದ್ದಾರೆ. ಗಂಡ ಬಿಟ್ಟುಹೋಗಿ ತಾಯೊಬ್ಬಳೇ ನಿಂತ ಮನೆಗಳಿವೆ. ತರಬೇತಾದವರ ಬಳಿ ಮಗುವನ್ನು ಎರಡು ದಿನ ನಂಬಿಕೆಯಿಂದ ಬಿಟ್ಟು ಮನೆಯವರು ದಣಿವಾರಿಸಿಕೊಳ್ಳುವ ವ್ಯವಸ್ಥೆ ಅವರಿಗೆ ಬೇಕು. ರಾಷ್ಟ್ರೀಯ ನ್ಯಾಸದ ಸಮರ್ಥ್ ಯೋಜನೆಯ ಉದ್ದೇಶವೇ ಇದು. ಎರಡು ವೈದ್ಯಕೀಯ ಕಾಲೇಜು, ಜಿಲ್ಲಾಸ್ಪತ್ರೆ, ಸಿಆರ್‌ಸಿ ಎಲ್ಲವೂ ಇರುವ ದಾವಣಗೆರೆಯಲ್ಲಿ ಅಂಥ ನಾಲ್ಕು ಹಾಸಿಗೆಯ ಒಂದು ಮನೆ ನಡೆಸುವುದು ಆಗದ ಕೆಲಸವಲ್ಲ. ಸ್ವಭಾವ ಚಿಕಿತ್ಸೆಯಲ್ಲಿ ಪಳಗಿದ ಒಬ್ಬರು ವಾರಕ್ಕೊಮ್ಮೆ ಹರಿಹರದಂಥ ತಾಲ್ಲೂಕು ಊರಿಗೆ ಬಂದರೆ, ದಿನದ ಕೂಲಿ ಬಿಟ್ಟು ಮಗುವನ್ನು ಬಸ್ಸಿನಲ್ಲಿ ಕರೆದೊಯ್ಯುವ ತಾಯಂದಿರ ಕಷ್ಟ ಅರ್ಧ ಇಳಿಯುತ್ತದೆ.

ನೆಂಟರಿಗೆ, ನೆರೆಯವರಿಗೆ ನನ್ನದೊಂದು ಬೇಡಿಕೆ. 'ಈಗ ಹೆಂಗಿದಾನೆ?' ಎಂದು ಕೇಳಿ ಹೋಗುವ ಬದಲು ಒಂದು ಭಾನುವಾರ ಎರಡು ಗಂಟೆ ಬಂದು ಕೂರಿ. ಕಾರ್ಡು ಹೇಗೆ ಹಿಡಿಯಬೇಕೆಂದು ತಾಯಿಯೇ ಹೇಳಿಕೊಡುತ್ತಾಳೆ. ಬಸ್ಸಿನಲ್ಲಿ ಮಗು ಕೈ ಕಚ್ಚಿಕೊಂಡಾಗ ಮೊಬೈಲ್ ಎತ್ತಬೇಡಿ, ಕಿಟಕಿಯ ಸೀಟು ಬಿಟ್ಟುಕೊಡಿ.

ಇಂಥ ಮಕ್ಕಳ ಮನೆಯವರಿಗೆ ಹೇಳುವುದು ಇಷ್ಟೇ. ತುಂಬುತೋಳಿನ ಅಂಗಿಯ ಕೆಳಗೆ ಗಾಯ ಮುಚ್ಚಿಡಬೇಡಿ. ವೈದ್ಯರಿಗೆ ತೋರಿಸಿ, ಒಬ್ಬರಿಗೊಬ್ಬರು ತೋರಿಸಿ. ಇವತ್ತೇ ಒಂದು ನೋಟ್‌ಬುಕ್ ತಂದು ಗೆರೆ ಎಳೆಯಿರಿ. ನಮ್ಮ ಹುಡುಗ ಇಂದಿಗೂ ಪೂರ್ತಿ ಹೊಡೆದುಕೊಳ್ಳುವುದನ್ನು ಬಿಟ್ಟಿಲ್ಲ. ಕಾರಣ ಸಿಗದ ಸಾಲುಗಳು ನನ್ನ ಪುಸ್ತಕದಲ್ಲಿ ಈಗಲೂ ಇವೆ. ಆದರೆ ಸಿಕ್ಕ ಕಾರಣಗಳಷ್ಟು ಪೆಟ್ಟು ಅವನ ಹಣೆಗೆ ತಪ್ಪಿದೆ. ಒಂದು ಮನೆಯ ನೋಟ್‌ಬುಕ್ ಒಂದು ಮಗುವಿಗೆ ದಾರಿ ತೋರಿಸುತ್ತದೆ. ಹತ್ತಾರು ಮನೆಯವರು ತಮ್ಮ ನೋಟ್‌ಬುಕ್ ಹಿಡಿದು ಒಟ್ಟಿಗೆ ಜಿಲ್ಲಾಧಿಕಾರಿಗಳ ಮುಂದೆ ಹೋದರೆ, ನಾಲ್ಕು ಹಾಸಿಗೆಯ ಆ ಮನೆ ಏಕೆ ಬೇಕೆಂದು ಬೇರೆ ಯಾರೂ ವಿವರಿಸಬೇಕಾಗುವುದಿಲ್ಲ. ಹೋಗೋಣ ಬನ್ನಿ, ನನ್ನದನ್ನು ನಾನು ತರುತ್ತೇನೆ.